ಎಂಜಿನ್ ದೀಪದ ಅಪ್ಪಣೆ

ನನ್ನ ಸೋದರಮಾವನಿಗೆ ರೈಲು ಓಡಿಸಲು ಬರುತ್ತದೆ, ಹತ್ತಲು ಬರುವುದಿಲ್ಲ. ನಗಬೇಡಿ, ನೂರಕ್ಕೆ ನೂರು ನಿಜ! ಆತನ ಮನೆ ರಾಯಚೂರು ಸ್ಟೇಷನ್ನಿನಿಂದ ಕೂಗಳತೆಯ ದೂರ. ಗಾಡಿಯ ಕೂಗು ಕೇಳಿಯೇ ಅದು ಯಾವ ಗಾಡಿ, ಇವತ್ತು ಎಷ್ಟು ತಡ ಎಂದು ಹೇಳಬಲ್ಲ. ಆದರೆ ಕೂದಲು ಬೆಳ್ಳಗಾಗುವ ತನಕ ಒಂದೇ ಒಂದು ಸಲವೂ ರೈಲಿನೊಳಗೆ ಕಾಲಿಟ್ಟವನಲ್ಲ. ಏಕೆಂದರೆ ಆತ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಇಡೀ ನೌಕರಿಯನ್ನು ರಾಯಚೂರು, ದೇವದುರ್ಗ, ಜಾಲಹಳ್ಳಿ ರಸ್ತೆಯ ಮೇಲೆ ಸವೆಸಿದವನು.

ಕೇಳಿದರೆ ಹೇಳುತ್ತಿದ್ದ: “ಬಸ್ಸಿನ್ಯಾಗ ಕುಂತ್ರ ಮುಂದಿನ ಗಾಜಿನ್ಯಾಗ ದಾರಿ ಕಾಣ್ತದ. ರೈಲಿನ್ಯಾಗ ಏನ್ ಕಾಣ್ತದ? ಬಾಜೂಕಿನ ಹೊಲ ಕಾಣ್ತದ. ಮುಂದ ಏನದ ಅಂತ ಕಾಣದ ಗಾಡ್ಯಾಗ ಕೂಡೂದಂದ್ರ ಕಣ್ಣು ಕಟ್ಟಿಕೊಂಡು ಬಾವಿ ದಂಡಿಮ್ಯಾಲ ನಡದಂಗ.”

ಸೊಲ್ಲಾಪುರದಲ್ಲಿ ನಮ್ಮ ಅಕ್ಕನ ಮದುವೆ. ನಾವೆಲ್ಲ ರೈಲಿನಲ್ಲಿ ಹೋದೆವು. ಮಾವ ಬಸ್ಸು ಬದಲಿಸುತ್ತ, ಬದಲಿಸುತ್ತ ಬಂದ. ಬರುವಷ್ಟರಲ್ಲಿ ಅಕ್ಷತೆ ಬಿದ್ದು, ಊಟವೂ ಮುಗಿದು, ಬಾಣಸಿಗರು ಹಂಡೆ ತೊಳೆಯುತ್ತಿದ್ದರು. ಸೋದರಮಾವನ ಕೈಯಿಂದ ಆಗಬೇಕಾದ ಶಾಸ್ತ್ರವನ್ನು ಯಾರೋ ದೂರದ ಮಾವ ಮಾಡಿ ಮುಗಿಸಿದ್ದ. ಅದಕ್ಕಾಗಿ ನಮ್ಮವ್ವ ಇವತ್ತಿಗೂ ತಮ್ಮನನ್ನು ಬಯ್ಯುತ್ತಾಳೆ.

ಇಂಥ ಮನುಷ್ಯ ನಿವೃತ್ತಿಯಾದ ಮರುತಿಂಗಳೇ ಮನೆಗೊಂದು ರೈಲು ತರಿಸಿದ. ಕೊರಿಯರ್‌ನಲ್ಲಿ ಡಬ್ಬಿ ಬಂದಾಗ ಅತ್ತೆ, ಅಂದರೆ ಮಾವನ ಹೆಂಡತಿ, ಏನ್ರೀ ಅದು ಎಂದಳು. ಮಾವ ಹೆದರಿ “ಮಿಕ್ಸಿ” ಎಂದುಬಿಟ್ಟ. ಅತ್ತೆ ಖುಷಿಯಿಂದ ಒಳಗೆ ಹೋಗಿ ಶೇಂಗಾ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಸಜ್ಜು ಮಾಡಿಕೊಂಡು ಬಂದು ಡಬ್ಬಿ ಬಿಚ್ಚಿದಳು. ಒಳಗೆ ಗೇಣುದ್ದದ ರೈಲಿನ ಎಂಜಿನ್ನು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದರಾಗ ಶೇಂಗಾ ಎಲ್ಲಿ ಹಾಕೂದ್ರೀ?” ಎಂದು ಕೇಳಿದಳಂತೆ.

ಇದು ಕೀಲಿ ಕೊಟ್ಟರೆ ಓಡುವ ಜಾತ್ರೆಯ ಆಟಿಕೆಯಲ್ಲ, ಡಿಜಿಟಲ್ ಎಂಜಿನ್ನು. ಹಳಿಯಲ್ಲಿ ಸದಾ ಕರೆಂಟು ಹರಿಯುತ್ತಿರುತ್ತದೆ, ಅದರ ಜೊತೆಗೇ ಹುಕುಮೂ ಹರಿಯುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಚಿಪ್, ಅದರ ಹೆಸರು ಡಿಕೋಡರ್. ಮಾವ ಅದನ್ನು ಮೆದುಳು ಎನ್ನುತ್ತಾನೆ. ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಹಾಜರಿ ಕೂಗುತ್ತೇನಲ್ಲ, ಹಾಗೆ ಮಾವನ ಕೈಯಲ್ಲಿರುವ ಯಂತ್ರ ಒಂದು ನಂಬರು ಕೂಗುತ್ತದೆ. ಆ ನಂಬರಿನ ಎಂಜಿನ್ನು ಮಾತ್ರ ಹಾಜರ್ ಎಂದು ಹೊರಡುತ್ತದೆ. ನನ್ನ ಹುಡುಗರಿಗಿಂತ ಎಷ್ಟೋ ವಾಸಿ.

ಎರಡು ಹಳೇ ಬಾಗಿಲುಗಳನ್ನು ಜೋಡಿಸಿ ಮಾವ ಅದರ ಮೇಲೆ ಹಳಿ ಹಾಸಿದ. ನಿಲ್ದಾಣಗಳು ರಾಯಚೂರು, ಮಾನ್ವಿ, ದೇವದುರ್ಗ, ಜಾಲಹಳ್ಳಿ. ಭೂಮಿಯ ಮೇಲಿನ ದೇವದುರ್ಗಕ್ಕೆ ರೈಲು ಯಾವಾಗ ಬರುತ್ತದೋ ಆ ದೇವರೇ ಬಲ್ಲ, ಮಾವನ ಬಾಗಿಲಿನ ಮೇಲಿನ ದೇವದುರ್ಗಕ್ಕೆ ದಿನವಿಡೀ ಬರುತ್ತದೆ. ಜಾಲಹಳ್ಳಿಯಲ್ಲಿ ಮಾತ್ರ ಬಹಳ ಹೊತ್ತು ನಿಲ್ಲುತ್ತದೆ. ಯಾಕೆಂದರೆ ಬಸ್ಸು ಅಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು! ಇನ್ನೊಂದು ಚಟ, ಯಾರಾದರೂ ಕೈ ಎತ್ತಿದರೆ ಸಾಕು, ಎಂಜಿನ್ನು ನಿಲ್ಲಿಸಿಬಿಡುತ್ತಾನೆ. ಅತ್ತೆ ಪಕ್ಕದಲ್ಲಿ ಹಗ್ಗದ ಮೇಲಿನ ಸೀರೆ ತೆಗೆಯಲು ಕೈ ಎತ್ತಿದರೂ ರೈಲು ನಿಲ್ಲುತ್ತಿತ್ತು. “ಯಾಕ ನಿಲ್ಲಿಸಿದ್ರಿ?” ಎಂದರೆ, “ಪ್ಯಾಸೆಂಜರ್ ಕೈ ಮಾಡಿದ್ರು” ಎನ್ನುತ್ತಿದ್ದ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ವರ್ಷ ಅತ್ತೆಯ ಕಣ್ಣು ಕೈಕೊಟ್ಟಿತು.

ಎಡಗಣ್ಣು ಹಿಂದೆಯೇ ಹೋಗಿತ್ತು. ಈಗ ಬಲಗಣ್ಣೂ ಮಬ್ಬಾಗುತ್ತ ಬಂತು. ಬೆಳಕು ಕಾಣುತ್ತದೆ, ಎದುರಿಗೆ ನಿಂತವರು ನೆರಳಿನಂತೆ ಕಾಣುತ್ತಾರೆ, ಮುಖ ಕಾಣುವುದಿಲ್ಲ. ರಾಯಚೂರಿನ ಡಾಕ್ಟರು ನೋಡಿ, ಹೈದರಾಬಾದಿಗೆ ಹೋಗಿ ಆಪರೇಷನ್ ಮಾಡಿಸಿ, ತಡ ಮಾಡಬೇಡಿ, ಬಸ್ಸಿನ ಕುಲುಕಾಟ ಬೇಡ, ರೈಲಿಗೆ ಹೋಗಿ ಎಂದರು. ಕಣ್ಣು ಬಂದೇ ಬರುತ್ತದೆಯೇ ಎಂದು ಮಾವ ಕೇಳಿದ. ಖಾತ್ರಿ ಹೇಳಲಾರೆ, ಆದರೆ ಮಾಡಿಸದಿದ್ದರೆ ಪೂರ್ತಿ ಹೋಗುವುದು ಖಾತ್ರಿ ಎಂದರು.

ಅತ್ತೆ ಒಲ್ಲೆನೆಂದು ಕೂತಳು. “ಇದ್ದ ಚೂರು ಬೆಳಕೂ ಹೋದ್ರ ಏನ್ ಮಾಡ್ಲಿ? ಇರ್ಲಿ ಬಿಡ್ರಿ, ಇಷ್ಟರಾಗ ನಡೀತದ” ಎಂದಳು. ನಾನು ಬೇಡಿಕೊಂಡೆ, ನಮ್ಮವ್ವ ಬೈದಳು, ಮಾವ ಊಟ ಬಿಟ್ಟ. ಉಪಯೋಗವಿಲ್ಲ. ಕೊನೆಗೆ, ದೇವರ ಅಪ್ಪಣೆ ಕೇಳುತ್ತೇನೆ ಎಂದಳು.

ನಮ್ಮ ಕಡೆ ದೇವರ ಮೇಲೆ ಹೂವಿಟ್ಟು ಅಪ್ಪಣೆ ಕೇಳುವುದುಂಟಲ್ಲ? ಬಲಗಡೆಯ ಹೂವು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಅತ್ತೆ ಎಮ್ಮೆ ಮಾರುವುದಕ್ಕೂ ಕೇಳಿದವಳು, ಕುಕ್ಕರ್ ಕೊಳ್ಳುವುದಕ್ಕೂ ಕೇಳಿದವಳು. ಈ ಸಲ ಮುಂಜಾನೆ ಗುಡಿಗೆ ಹೋಗಿ ಕೂತಳು. ಮಧ್ಯಾಹ್ನವಾಯಿತು, ಬಲದ ಹೂವೂ ಬೀಳಲಿಲ್ಲ, ಎಡದ ಹೂವೂ ಬೀಳಲಿಲ್ಲ. ಹೊಸ ಪೂಜಾರಿ, ಉತ್ಸಾಹದ ಮನುಷ್ಯ, ಗಟ್ಟಿ ಗಂಧ ಮೆತ್ತಿ ಹೂವನ್ನು ಗೋಡೆಗೆ ಮೊಳೆ ಹೊಡೆದಂತೆ ಒತ್ತಿದ್ದ. ಭೂಕಂಪವಾದರೂ ಬೀಳುತ್ತಿರಲಿಲ್ಲ!

ಅತ್ತೆ ಮನೆಗೆ ಬಂದು ಪಡಸಾಲೆಯಲ್ಲಿ ಕೂತಳು. “ದೇವರೂ ಬಾಯಿ ಬಿಡವಲ್ಲ” ಎಂದಳು. ಅದೇ ಹೊತ್ತಿಗೆ ಮಾವ ಆಕೆಯ ಮನಸ್ಸು ಬೇರೆ ಕಡೆ ತಿರುಗಿಸಲೆಂದು, “ಭಾನುವಾರ ಎಂಜಿನ್‌ಗೆ ಖರೇವಂದ್ರ ಖರೇ ದೀಪ ಹಾಕ್ತೀನಿ ನೋಡು. ಕತ್ತಲ್ಯಾಗ ನಿನಗೂ ಕಾಣ್ತದ” ಎಂದ. ಆ ಎಂಜಿನ್ನಿಗೆ ಹಣೆಯ ಮೇಲೆ ದೀಪದ ಆಕಾರವಿತ್ತು, ದೀಪವಿರಲಿಲ್ಲ.

“ಹಂಗಾರ ಅದ ಅಪ್ಪಣಿ” ಎಂದಳು ಅತ್ತೆ. “ಭಾನುವಾರ ನಿಮ್ಮ ದೀಪ ಹತ್ತಿತಂದ್ರ ಬಲಗಡಿ ಹೂ ಬಿದ್ದಂಗ. ಹತ್ತಲಿಲ್ಲಂದ್ರ ಇನ್ನ ಈ ಜನ್ಮದಾಗ ಹೈದರಾಬಾದ್ ಸುದ್ದಿ ತಗೀಬ್ಯಾಡ್ರಿ.”

ಮಾವನ ಮುಖ ಸುಣ್ಣವಾಯಿತು. ತಾನೇ ಬಾಯಿ ಬಿಟ್ಟು ಸಿಕ್ಕಿಬಿದ್ದಿದ್ದ. ಅತ್ತೆ ಒಮ್ಮೆ ಅಪ್ಪಣೆ ಎಂದಳೆಂದರೆ ಮುಗಿಯಿತು. ಕುಕ್ಕರ್‌ಗೆ ಎಡದ ಹೂವು ಬಿದ್ದದ್ದಕ್ಕೆ ಇವತ್ತಿಗೂ ಆ ಮನೆಯಲ್ಲಿ ಬೇಳೆ ಪಾತ್ರೆಯಲ್ಲೇ ಬೇಯುತ್ತದೆ.

ಶನಿವಾರ ನನಗೆ ಫೋನು ಬಂತು. “ಲೇ, ನಾಳಿ ಮುಂಜಾನಿ ಬಾ. ನೀ ಸಾಲ್ಯಾಗ ಕಲಸಾಕಿ, ಕರೆಂಟಿಂದು ಗೊತ್ತಿರ್ತದ.”

“ಮಾವಾ, ನಾ ಕನ್ನಡ ಕಲಸಾಕಿ.”

“ಕನ್ನಡದಾಗ ಸಂಧಿ ಇಲ್ಲೇನು? ಒಂದಕ್ಕೊಂದು ಬೆಸಿಯೂದು. ಇದೂ ಅದ ಕೆಲಸ. ಬಾ ಸುಮ್ನ.”

ಸೋಮವಾರದ ರೈಲಿಗೆ ನಾನು ಮೊದಲೇ ಟಿಕೆಟ್ ತೆಗೆಸಿದ್ದೆ. ಅತ್ತೆಗೊಂದು, ನನಗೊಂದು, ಮಾವನಿಗೊಂದು. ಮಾವ, “ನಂದು ಬ್ಯಾಡ, ನಾ ಬಸ್ಸಿಗೆ ಬರ್ತೀನಿ” ಎಂದಿದ್ದ. ನನಗೆ ಸಿಟ್ಟು ಬಂದು, ಹಾಳಾಗಿ ಹೋದರೂ ಹೋಗಲಿ ಎಂದು ಮೂರೂ ತೆಗೆಸಿದ್ದೆ. ಈಗ ಆ ಮೂರೂ ಟಿಕೆಟ್ಟುಗಳ ಹಣೆಬರಹ ಒಂದು ದೀಪದ ಮೇಲೆ ನಿಂತಿತ್ತು. ಭಾನುವಾರ ಮಾನ್ವಿಯಿಂದ ಬಸ್ಸಿನಲ್ಲಿ ಅಕ್ಕಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಎಲ್ಲಿಯ ಕಣ್ಣು, ಎಲ್ಲಿಯ ಎಂಜಿನ್ನು!

ಹೋಗಿ ನೋಡಿದರೆ ಮಾವ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಎಂಜಿನ್ನನ್ನು ಅಂಗಾತ ಮಲಗಿಸಿದ್ದ. ಪಕ್ಕದಲ್ಲಿ ಸಣ್ಣ ಸ್ಕ್ರೂಡ್ರೈವರ್, ಚಿಮಟ, ಬೆಸುಗೆ ಹಾಕುವ ಕಡ್ಡಿ. ಆಪರೇಷನ್ ಥಿಯೇಟರೇ ಸರಿ. ದೀಪಗಳು ಎರಡೇ ಇದ್ದವು, ಒಂದೊಂದೂ ಸಾಸಿವೆ ಕಾಳಿನಷ್ಟು. ಇನ್ನೊಂದು ಬೇಕೆಂದರೆ ಕೊರಿಯರ್ ಬರಬೇಕು. ಅದು ಬರುವಷ್ಟರಲ್ಲಿ ರೈಲೂ ಹೋಗಿರುತ್ತದೆ, ಆಪರೇಷನ್ನೂ ಹೋಗಿರುತ್ತದೆ.

ನಾನು ಅದರ ಜೊತೆ ಬಂದಿದ್ದ ಚೀಟಿ ಓದಿ ಹೇಳಿದೆ: “ಮಾವಾ, ನಡುವ ಒಂದು ರೆಸಿಸ್ಟರ್ ಹಾಕಬೇಕಂತ.”

“ಅದರ ಕೆಲಸ ಏನು?”

“ಕರೆಂಟಿನ ಜೋರು ತಗ್ಗಸ್ತದಂತ.”

ಮಾವನ ಹುಬ್ಬು ಗಂಟಿಕ್ಕಿತು. “ಅಂದ್ರ ಹಂಪು.”

ನಾನು ಹೌದೆನ್ನಬಾರದಿತ್ತು. ಜನ್ಮವಿಡೀ ರಸ್ತೆಯ ಹಂಪುಗಳಿಗೆ ಶಾಪ ಹಾಕಿದ ಬೆನ್ನು ಅದು. “ನನ್ನ ಗಾಡ್ಯಾಗ ಹಂಪು ಬ್ಯಾಡ” ಎಂದು ರೆಸಿಸ್ಟರನ್ನು ಬದಿಗಿಟ್ಟು, ದೀಪವನ್ನು ನೇರ ಬೆಸೆದು, ಎಂಜಿನ್ನನ್ನು ಹಳಿಯ ಮೇಲಿಟ್ಟು ಗುಂಡಿ ಒತ್ತಿದ. ಆಹಾ, ಎಂಥ ಬೆಳಕು! ಕಣ್ಣು ಕೋರೈಸಿತು. ರೆಪ್ಪೆ ಬಡಿಯುವಷ್ಟರಲ್ಲಿ ಚಟ್ ಎಂದಿತು, ಸುಟ್ಟ ವಾಸನೆ ಬಂತು, ಮತ್ತೆ ಕತ್ತಲೆ.

ಪಡಸಾಲೆಯಿಂದ ಅತ್ತೆಯ ದನಿ: “ಏನ್ ಸುಟ್ಟಿತು?”

“ಊದಿನಕಡ್ಡಿ, ಅತ್ತಿ” ಎಂದೆ. ಮಾವ ನನ್ನನ್ನು ದುರುಗುಟ್ಟಿ ನೋಡಿದ. ಸುಳ್ಳು ಹೇಳಿದ್ದಕ್ಕೋ, ಹಂಪಿನ ಬಗ್ಗೆ ನನ್ನ ಮಾತು ನಿಜವಾದದ್ದಕ್ಕೋ ತಿಳಿಯಲಿಲ್ಲ.

ಉಳಿದದ್ದು ಒಂದೇ ದೀಪ. ಈ ಸಲ ಮಾವ ತುಟಿ ಪಿಟಕ್ಕೆನ್ನದೆ ರೆಸಿಸ್ಟರ್ ಬೆಸೆದ. ಬಳಿಕ ದೀಪವನ್ನು ಚಿಮಟದಲ್ಲಿ ಹಿಡಿದ. ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ, ಬೆರಳೊಂದೊಂದೂ ಮೆಕ್ಕೆಜೋಳದ ತೆನೆಯಷ್ಟು ದಪ್ಪ. ನಾನು ಟಾರ್ಚು ಹಿಡಿದು ಉಸಿರು ಬಿಗಿಹಿಡಿದಿದ್ದೆ. “ಅಲುಗಾಡಿಸಬ್ಯಾಡ ಬೇ” ಎಂದ. “ನಾನಲ್ಲ, ನೀನ ಅಲುಗಾಡಾಕತ್ತೀ” ಎಂದೆ. ಅಷ್ಟರಲ್ಲಿ ಚಿಮಟ ಜಾರಿ ದೀಪ ಟಣ್ಣನೆ ಹಾರಿತು.

ಎಲ್ಲಿ ಹೋಯಿತು? ಇಬ್ಬರೂ ನೆಲಕ್ಕೆ ಬಿದ್ದು ಹುಡುಕಿದೆವು. ಪರಸಿ ಕಲ್ಲಿನ ನೆಲ, ಸಂದಿಗೊಂದಿ ಎಷ್ಟು! ಮಂಚದ ಕೆಳಗೆ, ಚಪ್ಪಲಿಯೊಳಗೆ, ಜಾಲಹಳ್ಳಿ ನಿಲ್ದಾಣದ ಹಿಂದೆ, ಎಲ್ಲೂ ಇಲ್ಲ. ಮಾವ ಮೊಣಕಾಲ ಮೇಲೆ ಹಾಗೇ ಕೂತುಬಿಟ್ಟ. ಬೆವರು ಗಲ್ಲದಿಂದ ಇಳಿಯುತ್ತಿತ್ತು. “ಮುಗೀತು” ಎಂದು ಪಿಸುಗುಟ್ಟಿದ. ಆತನ ದನಿ ಹಾಗೆ ಒಡೆದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಬಾಗಿಲ ಹತ್ತಿರ ಅತ್ತೆ ಮೊರ ಹಿಡಿದು, ನಾನು ತಂದ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಳು. ಕಣ್ಣಿಂದಲ್ಲ, ಬೆರಳಿನಿಂದ. “ಲೇ” ಎಂದು ನನ್ನನ್ನು ಕರೆದಳು. “ಈ ಅಕ್ಕ್ಯಾಗ ಏನೋ ಅದ ನೋಡು. ಕಲ್ಲಲ್ಲ, ನುಚ್ಚಲ್ಲ, ಇದಕ್ಕ ಮೂಲಿ ಅದಾವ.”

ಆಕೆಯ ಬೆರಳ ತುದಿಯಲ್ಲಿ ನಮ್ಮ ದೀಪ! ನಾನು ಅದನ್ನು ಇಸಿದುಕೊಂಡು ಓಡಿದೆ. “ಏನದು?” ಎಂದು ಅತ್ತೆ ಕೇಳುತ್ತಲೇ ಇದ್ದಳು. “ಮಾನ್ವಿ ಅಕ್ಕ್ಯಾಗ ಈಗೀಗ ಹಿಂಗೂ ಬರಾಕತ್ತದ” ಎಂದ ಮಾವ. ಮಾನ್ವಿಯವಳಾದ ನಾನು ಆ ಅಪಮಾನವನ್ನು ನುಂಗಿಕೊಂಡೆ.

ಆಮೇಲಿನ ಕೆಲಸ ಇನ್ನೂ ನಾಜೂಕು. ಒಂದು ಬೋಳು ತಂತಿ ಎಂಜಿನ್ನಿನ ಲೋಹಕ್ಕೆ ತಾಗಿದರೂ ಮೆದುಳೇ ಸುಟ್ಟುಹೋಗುತ್ತದೆ. ಪ್ರತಿ ಬೆಸುಗೆಗೂ ಮಾವ ಕರೆಂಟು ತಡೆಯುವ ಹಳದಿ ಅಂಟುಪಟ್ಟಿ ಸುತ್ತಿದ, ಸುತ್ತಿದ ಮೇಲೆ ಮುಟ್ಟಿ ನೋಡಿದ, ಮುಟ್ಟಿದ ಮೇಲೆ ಮತ್ತೆ ಸುತ್ತಿದ. ಪರೀಕ್ಷೆ ಮಾಡಿದೆವು. ಎಂಜಿನ್ನು ಮುಂದೆ ಹೋಯಿತು, ದೀಪವಿಲ್ಲ. ಮಾವ ಹಿಂದಕ್ಕೆ ಬಿಟ್ಟ. ದೀಪ ಹತ್ತಿತು! ಬಿಳಿ ತಂತಿಗೆ ಬೆಸೆಯಬೇಕಾದದ್ದನ್ನು ಹಿಂದಿನ ದೀಪದ ಹಳದಿ ತಂತಿಗೆ ಬೆಸೆದಿದ್ದೆವು.

“ಹಿಂಗ ಇರ್ಲಿ ಬಿಡು ಮಾವಾ, ರಿವರ್ಸ್‌ನ್ಯಾಗ ತೋರ್ಸೋಣು” ಎಂದೆ.

“ಹೂವ ಬಲಗಡಿ ಬಿದ್ದದ್ದು ಬೇರೆ, ನಾವು ಆ ಕಡಿ ಹೋಗಿ ನಿಂತು ಅದನ್ನ ಬಲ ಅನ್ನೂದು ಬೇರೆ” ಎಂದು ಮತ್ತೆ ಬಿಚ್ಚಿ, ಮತ್ತೆ ಬೆಸೆದ. ಸಣ್ಣ ತುಂಡು ಹಳಿಯ ಮೇಲೆ ಓಡಿಸಿ ನೋಡಿದೆವು. ಮುಂದಕ್ಕೆ ಹೋಗುತ್ತ, ಹಣೆಯ ಮೇಲೆ ಹದವಾದ ಹಳದಿ ಬೆಳಕು. ಎಂಜಿನ್ನನ್ನು ಬಾಗಿಲಿನ ಮೇಲಿನ ರಾಯಚೂರು ನಿಲ್ದಾಣದಲ್ಲಿ ನಿಲ್ಲಿಸಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ಹಿತ್ತಲಲ್ಲಿ ಮುಖ ತೊಳೆದು ಚಹಾ ಕುಡಿದೆವು. ಆವತ್ತಿನ ಮೊದಲ ಚಹಾ. ಬಂದು ಅತ್ತೆಯನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದೆವು. ಬಾಗಿಲು ಹಾಕಿದೆ. ಕೋಣೆ ಕತ್ತಲಾಯಿತು.

“ರೈಟ್” ಎಂದ ಮಾವ, ಕಂಡಕ್ಟರನ ದನಿಯಲ್ಲಿ. ಗುಂಡಿ ಒತ್ತಿದ.

ಏನೂ ಇಲ್ಲ. ದೀಪವೂ ಇಲ್ಲ, ಎಂಜಿನ್ನಿನ ಸಪ್ಪಳವೂ ಇಲ್ಲ. ಮತ್ತೆ ಒತ್ತಿದ. ಇಲ್ಲ. ಮತ್ತೆ ಮತ್ತೆ ಟಕ್ ಟಕ್ ಎಂಬ ಗುಂಡಿಯ ಸದ್ದೊಂದೇ. ಈಗಷ್ಟೇ ಹತ್ತಿದ್ದಲ್ಲ, ಏನಾಗಿದೆ ಇದಕ್ಕೆ ದಾಡಿ! ನನ್ನ ಕೈಯಲ್ಲಿ ಮೊಬೈಲ್ ಇತ್ತು. ಅತ್ತೆಗೆ ಕಾಣುವುದು ಬರೀ ಬೆಳಕಿನ ಚುಕ್ಕೆ. ಟಾರ್ಚಿನ ಮೇಲೆ ಬೆರಳಿಟ್ಟು ಎಂಜಿನ್ನಿನ ಹತ್ತಿರ ಹಿಡಿದರೆ ಯಾರಿಗೆ ಗೊತ್ತಾಗುತ್ತದೆ? ಒಂದು ಸುಳ್ಳಿಗೆ ಒಂದು ಕಣ್ಣು. ನಾನು ಕೈ ಚಾಚಿದೆ.

ಕತ್ತಲಲ್ಲೇ ಮಾವನ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಬಿಗಿಯಾಗಿ ಹಿಡಿಯಿತು.

“ಹತ್ತಿತೇನ್ರೀ?” ಅತ್ತೆ ಕೇಳಿದಳು. “ನನಗ ಕಾಣವಲ್ದು. ಹತ್ತಿದ್ರೂ ನನಗ ಕಾಣವಲ್ದೋ, ಹತ್ತೇ ಇಲ್ಲೋ?”

ಹೂಂ ಅನ್ನು ಮಾವ, ಹೂಂ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಹತ್ತಿಲ್ಲ” ಎಂದ ಮಾವ. “ಮುಂಜಾನಿಂದ ಮಾಡೀವಿ. ಆಗ ಹತ್ತಿತ್ತು. ಈಗ ಹತ್ತಿಲ್ಲ.”

ಹೊರಗೆ ಸ್ಟೇಷನ್ನಿನ ಕಡೆ ಯಾವುದೋ ಗಾಡಿ ಕೂಗಿತು. ಮಾವ ಅದು ಯಾವ ಗಾಡಿ ಎಂದು ಹೇಳಲಿಲ್ಲ.

“ನಾಳಿ ಗಾಡಿ ಎಷ್ಟಕ್ಕ ಅದ?” ಅತ್ತೆ ನನ್ನನ್ನು ಕೇಳಿದಳು.

ನಾನು ತೊದಲಿದೆ. “ಅತ್ತಿ, ದೀಪ ಹತ್ತಲಿಲ್ಲಲ್ಲ?”

“ಹತ್ತಲಿಲ್ಲ ಅಂತ ಅವರ ಹೇಳಿದ್ರಲ್ಲ” ಎಂದಳು ಅತ್ತೆ. “ನನಗ ಒಂದ ಹೆದರಿಕಿ ಇತ್ತು. ಇದ್ದ ಕಣ್ಣೂ ಹೋತಂದ್ರ ಇನ್ನ ಮುಂದ ನನಗ ಕಾಣೂದೆಲ್ಲಾ ಇವರು ಹೇಳಿದ್ದ. ನಾ ಅಳ್ತೀನಿ ಅಂತ ಇಲ್ಲದ್ದನ್ನ ಅದ ಅಂತ ಹೇಳಿದ್ರ, ನಾ ಯಾವುದನ್ನ ನಂಬಲಿ? ಎಂಜಿನ್ ಸಪ್ಪಳ ಮಾಡ್ಲಿಲ್ಲ, ಈಗ ಹೂಂ ಅಂದಿದ್ರ ಸುಳ್ಳಂತ ತಿಳೀತಿತ್ತು, ನಾ ಬರ್ತಿದ್ದಿಲ್ಲ. ಇಲ್ಲ ಅಂದ್ರು. ನನಗ ಅಪ್ಪಣಿ ಸಿಕ್ತು.”

ನನ್ನ ಮೊಬೈಲು ಬೆಂಕಿಯ ಕೆಂಡದಂತೆ ಕೈ ಸುಟ್ಟಿತು. ಮೆಲ್ಲಗೆ ಚೀಲಕ್ಕೆ ತುರುಕಿದೆ.

ಏನೂ ತಿಳಿಯದಿದ್ದಾಗ ಡ್ರೈವರುಗಳು ಮಾಡುವುದನ್ನೇ ಮಾವ ಮಾಡಿದ, ಗಾಡಿ ಯಾಕೆ ನಿಂತಿತು ಎಂದು ತಡವಿ ನೋಡಿದ. ಆತನ ಬೆರಳಿಗೆ ಏನೋ ಅಂಟಿತು. ನಾನು ಕಂಬಳಿ ಸರಿಸಿದೆ. ಎಂಜಿನ್ನಿನ ಹಣೆಗೆ ಮೂರು ಬೆರಳಿನ ವಿಭೂತಿ, ಮೇಲೊಂದು ಸೇವಂತಿಗೆ. ಅಷ್ಟಾದರೆ ಪರವಾಗಿಲ್ಲ. ರಾಯಚೂರಿನಿಂದ ಜಾಲಹಳ್ಳಿಯ ತನಕ, ಎರಡೂ ಹಳಿಗಳ ಉದ್ದಕ್ಕೂ, ಒದ್ದೆ ವಿಭೂತಿ ಬಳಿದು ಒಣಗಿ ಬೆಳ್ಳಗಾಗಿತ್ತು!

“ಇದು ಯಾರು ಮಾಡಿದ್ದು?” ಎಂದ ಮಾವ.

“ನಾನ. ನೀವು ಚಾ ಕುಡಿಯಾಕ ಹೋದಾಗ” ಎಂದಳು ಅತ್ತೆ. “ಹೊಸಾ ದೀಪ ಹಾಕಿದ ಗಾಡಿ. ಪೂಜಿ ಇಲ್ದ ಹೊರಡಸ್ತಾರೇನು? ನೀವು ಬಸ್ಸಿಗೆ ಗಾಲಿಗೂ ಹಚ್ತಿದ್ರಿ. ಇದರ ಗಾಲಿ ಕೈಗೆ ಸಿಗವಲ್ವು, ಹಳಿಗೆ ಹಚ್ಚಿದೆ.”

“ಹಳ್ಯಾಗಿಂದ ಕರೆಂಟ್ ಬರ್ತದ. ಬೂದಿ ಬಳದ್ರ ಅದು ಎಂಜಿನ್‌ಗೆ ಹೆಂಗ ಮುಟ್ಟಬೇಕು? ದೀಪ ಆರಿಸಿದ್ದು ನಿನ್ನ ಪೂಜಿನ” ಎಂದ ಮಾವ. ಇದನ್ನೂ ಮುಚ್ಚಿಡಲಿಲ್ಲ, ಪುಣ್ಯಾತ್ಮ!

ಅತ್ತೆ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು. ಎದ್ದು ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಾಗಿಲಿನ ಮೇಲೆ ಬಾಗಿ ಹಳಿಗಳನ್ನು ಒರೆಸತೊಡಗಿದಳು. ರಾಯಚೂರಿನಿಂದ ಮಾನ್ವಿ, ಮಾನ್ವಿಯಿಂದ ದೇವದುರ್ಗ, ಬೆರಳಿನಿಂದಲೇ ದಾರಿ ಹುಡುಕುತ್ತ ಹೋದಳು. ಮಾವ ಪಕ್ಕದಲ್ಲಿ ನಡೆಯುತ್ತ “ಇಲ್ಲಿ ತಿರುವು ಅದ, ನಿಧಾನ” ಎನ್ನುತ್ತಿದ್ದ. ಅಷ್ಟೂ ಮುಗಿದ ಮೇಲೆ ಎಂಜಿನ್ನಿನ ಗಾಲಿಗಳನ್ನೂ ಒರೆಸಿ ಗುಂಡಿ ಒತ್ತಿದ. ದೀಪ ಹತ್ತಿತು.

ಎಂಜಿನ್ನು ದೇವದುರ್ಗ ದಾಟಿ ಅತ್ತೆಯ ಕಡೆ ಬಂತು. ಅತ್ತೆ ಮುಖವನ್ನು ಹಳಿಯ ಹತ್ತಿರ ತಂದು ಬಲಗಣ್ಣು ಅರಳಿಸಿ ನೋಡಿದಳು. ಕೈ ಎತ್ತಿದಳು. ಮಾವ ಥಟ್ಟನೆ ನಿಲ್ಲಿಸಿದ.

“ಸೀರಿ ತಗೀಯಾಕಲ್ರೀ” ಎಂದಳು ಅತ್ತೆ. “ಈ ಸಲ ಖರೇನ ಹತ್ತಾಕ ಕೈ ಮಾಡೀನಿ. ಮುಂದ ಏನದ ಅಂತ ಕಾಣದ ಗಾಡ್ಯಾಗ ನಾಳಿ ನಾ ಕೂಡಾಕ ಹೊಂಟೀನಿ. ಒಬ್ಬಾಕಿನ ಕೂಡ್ಲೇನು? ನೀವು ಹಿಂದಿಂದ ಬಸ್ಸಿಗೆ ಬರ್ತೀರಿ?”

ಮಾವನ ಕಣ್ಣು ಎಂಜಿನ್ನಿನ ಮೇಲೇ ಇತ್ತು.

ಮರುದಿನ ಮುಂಜಾನೆ ನಾನು ಅತ್ತೆಯನ್ನು ರೈಲಿನ ಡಬ್ಬಿಯೊಳಗೆ ಕೂರಿಸಿ ಸಾಮಾನು ಇಡುತ್ತಿದ್ದೆ. ತಿರುಗಿ ನೋಡಿದರೆ ಮಾವ ಪ್ಲಾಟ್‌ಫಾರ್ಮಿನ ಮೇಲೆ, ಬಾಗಿಲಿನ ಕಂಬಿ ಹಿಡಿದು ನಿಂತಿದ್ದಾನೆ. ಗಾಡಿ ಕೂಗಿತು. ಮಾವ ಕಣ್ಣು ಮುಚ್ಚಿದ, ದೇವರ ಹೆಸರು ಹೇಳಿದ, ಹತ್ತಿದ. ಹತ್ತಿದವನು ಕಣ್ಣು ತೆಗೆಯಲೇ ಇಲ್ಲ. ತಡವರಿಸುತ್ತ ಬಂದು ಅತ್ತೆಯ ಪಕ್ಕದಲ್ಲಿ ಕೂತ. ಅತ್ತೆ ಆತನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾನು ನಗಬೇಕೆಂದಿದ್ದೆ, ಆಗಲಿಲ್ಲ.

ಕೃಷ್ಣಾ ಸೇತುವೆ ಬಂದಾಗ ಗಾಲಿಯ ಸದ್ದು ಬದಲಾಯಿತು. ಮಾವನ ಮೈ ಸೆಟೆಯಿತು.

“ಏನದು?” ಎಂದ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ.

“ಹೊಳಿ ಬಂತ್ರೀ.”

“ಮುಂದ? ಮುಂದ ಏನ್ ಕಾಣ್ತದ? ಖರೇ ಹೇಳು.”

ಅತ್ತೆ ಮಬ್ಬುಗಣ್ಣಿನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

“ಖರೇ ಹೇಳ್ತೀನ್ರಿ” ಎಂದಳು. “ಬೆಳಕು ಕಾಣ್ತದ, ಮತ್ತೇನು ಕಾಣವಲ್ದು. ನನ್ನ ಕೈ ಹಿಡ್ಕೊಂಡು ಕೂಡ್ರಿ.”